ಎಳೆಯರ ಮುಂದಿಡುವ ಚಿತ್ರಗಳು: ಒಂದು ವಿಮರ್ಶೆ

ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಬಾರದೆಂಬುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ನಿಯಮ. ಧಾನ್ಯವನ್ನು ಆರಿಸಿ, ಹಿಟ್ಟನ್ನು ಜರಡಿ ಹಿಡಿದು, ಸೂರ್ಯಾಸ್ತದೊಳಗೆ ಊಟ ಮುಗಿಸುವ ಕುಟುಂಬಗಳು ಇಂದಿಗೂ ಇವೆ. ಬಾಯಿಗೆ ಹೋಗುವ ಆಹಾರದ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು, ಎಳೆಯ ಮಕ್ಕಳ ಕಣ್ಣು ಕಿವಿಗಳ ಮೂಲಕ ಒಳಗಿಳಿಯುವ ಆಹಾರದ ವಿಷಯದಲ್ಲಿ ಅಷ್ಟೇ ಜಾಗರೂಕರಾಗಿದ್ದೇವೆಯೇ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಒಂದನೆಯ ತರಗತಿಯಿಂದ ಮೂರನೆಯ ತರಗತಿಯವರೆಗಿನ, ಅಂದರೆ ಸುಮಾರು ಆರರಿಂದ ಎಂಟು ವರ್ಷದ ಮಕ್ಕಳಿಗಾಗಿ ‘ಶೈಕ್ಷಣಿಕ’ ಎಂಬ ಹೆಸರು ಹೊತ್ತ ವಿಡಿಯೋಗಳು ಇಂದು ಲೆಕ್ಕವಿಲ್ಲದಷ್ಟು ದೊರೆಯುತ್ತವೆ. ಮನೆಯಲ್ಲಿ ತಾಯಿ ಅಡುಗೆಗೆ ನಿಂತಾಗ, ಅಜ್ಜ ಅಜ್ಜಿಯರಿಗೆ ಮಗುವನ್ನು ಸುಮ್ಮನಿರಿಸಬೇಕಾದಾಗ ಅವು ಕೈಗೆ ಬರುತ್ತವೆ. ಬಸದಿಗಳ ಆಡಳಿತ ಮಂಡಳಿಗಳೂ ಭಾನುವಾರದ ಪಾಠಶಾಲೆಗೆ ದೊಡ್ಡ ಟಿ.ವಿ.ಯನ್ನೋ ಪ್ರೊಜೆಕ್ಟರನ್ನೋ ಕೊಳ್ಳುವ ಕಾಲ ಬಂದಿದೆ. ಯಂತ್ರವನ್ನು ಕೊಳ್ಳುವಾಗ ನಾಲ್ಕು ಅಂಗಡಿಗಳಲ್ಲಿ ದರ ವಿಚಾರಿಸುತ್ತೇವೆ. ಖಾತರಿ ಎಷ್ಟು ವರ್ಷವೆಂದು ಕೇಳುತ್ತೇವೆ. ಅದರಲ್ಲಿ ಏನನ್ನು ತೋರಿಸಬೇಕೆಂಬ ಪ್ರಶ್ನೆಯನ್ನು ಮಾತ್ರ ಯಾರಾದರೊಬ್ಬ ಯುವಕನಿಗೆ ಒಪ್ಪಿಸಿ ಸುಮ್ಮನಾಗುತ್ತೇವೆ.

ಈ ಬಗೆಯ ಚಿತ್ರಗಳನ್ನು ಆರಿಸುವ ಅಳತೆಗೋಲು ಯಾವುದು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಬರಹದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಗಿದ ಮೇಲೆ ಮಗುವನ್ನು ಪುಸ್ತಕಕ್ಕೆ, ಕೈಕೆಲಸಕ್ಕೆ, ಹಿರಿಯರೊಡನೆ ಮಾತಿಗೆ ಹಿಂದಿರುಗಿಸುವ ಚಿತ್ರವೇ ಶಿಕ್ಷಣದ ಚಿತ್ರ. ಇನ್ನೊಂದು ಚಿತ್ರಕ್ಕೆ ಮಾತ್ರ ಕರೆದೊಯ್ಯುವ ಚಿತ್ರದಲ್ಲಿ ಎಷ್ಟೇ ಅಕ್ಷರ ಅಂಕೆಗಳಿದ್ದರೂ ಅದಕ್ಕೆ ಆ ಹೆಸರು ಸಲ್ಲದು.

ಚೀಟಿ ಮತ್ತು ಸರಕು

ವ್ಯಾಪಾರದಲ್ಲಿ ದಿನ ಕಳೆದವರಿಗೆ ಚೀಟಿಗೂ ಸರಕಿಗೂ ಇರುವ ಅಂತರ ತಿಳಿದದ್ದೇ. ಪೊಟ್ಟಣದ ಮೇಲೆ ತೂಕವನ್ನು ಅಚ್ಚು ಮಾಡಬೇಕು, ತಕ್ಕಡಿಗೆ ಇಲಾಖೆಯ ಮುದ್ರೆ ಬೀಳಬೇಕು, ಕೃಷಿ ಪದಾರ್ಥಗಳಿಗೆ ಅಗ್‌ಮಾರ್ಕ್ ಗುರುತಿದೆ. ಚಿತ್ರಮಂದಿರಕ್ಕೆ ಬರುವ ಸಿನಿಮಾಕ್ಕೂ ಪ್ರಮಾಣಪತ್ರವಿದೆ. ಆದರೆ ಅದು ಯಾರು ನೋಡಬಹುದೆಂಬುದನ್ನು ಹೇಳುತ್ತದೆಯೇ ಹೊರತು ನೋಡಿದವರು ಏನನ್ನಾದರೂ ಕಲಿಯುವರೇ ಎಂಬುದನ್ನು ಹೇಳುವುದಿಲ್ಲ. ಅಂತರ್ಜಾಲದ ವಿಡಿಯೋ ಒಂದರ ಮೇಲೆ ‘ಮಕ್ಕಳ ಕಲಿಕೆಗಾಗಿ’ ಎಂದು ಬರೆಯಲು ಯಾವ ಮುದ್ರೆಯೂ ಬೇಕಿಲ್ಲ. ತಯಾರಿಸಿದವನೇ ಬರೆದುಕೊಳ್ಳುತ್ತಾನೆ.

ಇಂತಹ ಚೀಟಿಯ ಕಥೆಯೊಂದು ಪ್ರಸಿದ್ಧವಾಗಿದೆ. 1997ರಲ್ಲಿ ಅಮೆರಿಕದಲ್ಲಿ ‘ಬೇಬಿ ಐನ್‌ಸ್ಟೈನ್’ ಎಂಬ ಹೆಸರಿನಲ್ಲಿ ಕೈಗೂಸುಗಳಿಗಾಗಿ ವಿಡಿಯೋಗಳು ಬಂದವು. 2001ರಲ್ಲಿ ಡಿಸ್ನಿ ಸಂಸ್ಥೆ ಆ ವ್ಯವಹಾರವನ್ನು ಕೊಂಡುಕೊಂಡಿತು. ಮಹಾವಿಜ್ಞಾನಿಯ ಹೆಸರನ್ನು ಕಂಡ ತಂದೆತಾಯಿಗಳು ತಮ್ಮ ಮಗುವಿನ ಬುದ್ಧಿ ಬೆಳೆಯುವುದೆಂದು ನಂಬಿ ಕೊಂಡರು. 2006ರಲ್ಲಿ ಈ ಪ್ರಚಾರದ ವಿರುದ್ಧ ಅಲ್ಲಿಯ ಫೆಡರಲ್ ವ್ಯಾಪಾರ ಆಯೋಗಕ್ಕೆ ದೂರು ಹೋಯಿತು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಎಂಟರಿಂದ ಹದಿನಾರು ತಿಂಗಳ ಶಿಶುಗಳಲ್ಲಿ ಇಂತಹ ವಿಡಿಯೋಗಳನ್ನು ಹೆಚ್ಚು ನೋಡುವವು ಕಡಿಮೆ ಶಬ್ದಗಳನ್ನು ಬಲ್ಲವು ಎಂಬ ಸಂಬಂಧವನ್ನು ತೋರಿಸಿತು. 2009ರಲ್ಲಿ ಕಂಪೆನಿ, ಕೊಂಡವರು ಬಯಸಿದರೆ ಹಣ ಹಿಂದಿರುಗಿಸುವುದಾಗಿ ಹೇಳಿತು. ಇದನ್ನು ತಪ್ಪೊಪ್ಪಿಗೆಯೆಂದು ಅದು ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಇದು ಶಿಶುಗಳ ಮಾತಾಯಿತು; ಶಾಲೆಗೆ ಹೋಗುವ ಮಕ್ಕಳ ಸ್ಥಿತಿ ಬೇರೆ. ಆದರೂ ಚೀಟಿಯನ್ನು ನೋಡಿ ಸರಕು ಕೊಳ್ಳಬಾರದೆಂಬ ಪಾಠ ಇಬ್ಬರಿಗೂ ಒಂದೇ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ‘ಹೀನಾಧಿಕ ಮಾನೋನ್ಮಾನ’ ಮತ್ತು ‘ಪ್ರತಿರೂಪಕ ವ್ಯವಹಾರ’ ಎಂಬ ಎರಡನ್ನು ಹೇಳುತ್ತದೆ. ಅಳತೆಯಲ್ಲಿ ಮೋಸ ಒಂದು, ಅಸಲಿಯಂತೆ ಕಾಣುವ ನಕಲಿಯನ್ನು ಮಾರುವುದು ಇನ್ನೊಂದು. ವರ್ತಕರಿಗಾಗಿ ಹೇಳಿದ ಈ ಎರಡು ಮಾತುಗಳು ಇಂದಿನ ಶೈಕ್ಷಣಿಕ ವಿಡಿಯೋಗಳ ವಿಮರ್ಶೆಗೂ ಚೆನ್ನಾಗಿ ಒದಗುತ್ತವೆ. ಕಲಿಕೆಯಂತೆ ತೋರುವುದೆಲ್ಲ ಕಲಿಕೆಯಲ್ಲ.

ಊರಿಗೊಂದು ಪರದೆ

ಚಲಿಸುವ ಚಿತ್ರದಿಂದ ಮಕ್ಕಳಿಗೆ ಪಾಠ ಹೇಳುವ ಪ್ರಯತ್ನ ಹೊಸದೇನಲ್ಲ. ನಮ್ಮ ನಾಡಿಗೂ ಅದರಲ್ಲಿ ಪಾಲಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ದೂರದರ್ಶನದ ಪೆಟ್ಟಿಗೆಗಳನ್ನು ಇರಿಸಲಾಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಬೆಳಗಿನ ಕಾರ್ಯಕ್ರಮಗಳು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮೀಸಲಾಗಿದ್ದು, ಕನ್ನಡದಲ್ಲಿಯೂ ಬರುತ್ತಿದ್ದವು.

ಅಂದಿನ ಚಿತ್ರಗಳ ಗುಣಕ್ಕಿಂತ ಅವುಗಳನ್ನು ನೋಡಿದ ರೀತಿ ನಮಗೆ ಮುಖ್ಯ. ಊರಿಗೆ ಒಂದೇ ಪೆಟ್ಟಿಗೆ. ಮಕ್ಕಳು ಒಟ್ಟಿಗೆ ಕುಳಿತು ನೋಡುತ್ತಿದ್ದರು. ಕಾರ್ಯಕ್ರಮಕ್ಕೆ ಆರಂಭವೂ ಅಂತ್ಯವೂ ಇತ್ತು. ಉಳಿದ ದಿನವೆಲ್ಲ ಮಕ್ಕಳಿಗೆ ಶಾಲೆ, ಹೊಲ, ಕೆರೆ, ಆಟ.

ಇಂದು ಈ ಮೂರೂ ತಲೆಕೆಳಗಾಗಿವೆ. ಮಗುವಿಗೊಂದು ಪರದೆ, ನೋಡುವಾಗ ಒಂಟಿತನ, ಕೊನೆಯೇ ಇಲ್ಲದ ಚಿತ್ರಗಳ ಸಾಲು. ಹಾಗಾಗಿ ವಿಡಿಯೋ ಒಳ್ಳೆಯದೇ ಎಂದು ಕೇಳಿದರೆ ಸಾಲದು. ಯಾರ ಜೊತೆಯಲ್ಲಿ, ಎಷ್ಟು ಹೊತ್ತು, ಆಮೇಲೇನು ಎಂಬುದನ್ನೂ ಸೇರಿಸಿ ಕೇಳಬೇಕು.

ಮೊದಲ ಪರೀಕ್ಷೆ: ನಿಲುಗಡೆ

1969ರ ನವೆಂಬರಿನಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಈ ಕ್ಷೇತ್ರದ ಹಿರಿಯ ಕೃತಿ. ಶಾಲೆಗೆ ಸೇರುವ ಮುನ್ನವೇ ಹಿಂದುಳಿಯುತ್ತಿದ್ದ ಬಡಮಕ್ಕಳಿಗೆ ಅಕ್ಷರ ಅಂಕೆಗಳ ಪರಿಚಯ ಮಾಡಿಸುವುದು ಅದರ ಸಂಕಲ್ಪ. ಅದನ್ನು ಪರೀಕ್ಷಿಸಿದ ಕ್ರಮ ಕುತೂಹಲಕರವಾಗಿದೆ. ಮಗುವಿನ ಎದುರು ಟಿ.ವಿ.ಯಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗ, ಪಕ್ಕದ ಇನ್ನೊಂದು ಪರದೆಯ ಮೇಲೆ ಏಳೂವರೆ ಸೆಕೆಂಡಿಗೊಂದರಂತೆ ಬೇರೆ ಬೇರೆ ಚಿತ್ರಗಳನ್ನು ತೋರಿಸುತ್ತಿದ್ದರು. ಯಾವ ಕ್ಷಣದಲ್ಲಿ ಮಗುವಿನ ಕಣ್ಣು ಅತ್ತ ಹೊರಳಿತೆಂದು ಗುರುತು ಹಾಕಿಕೊಂಡು ಆ ಭಾಗವನ್ನು ತಿದ್ದುತ್ತಿದ್ದರು.

ಮಗುವಿನ ಕಣ್ಣನ್ನು ಹಿಡಿದಿಡುವ ವಿದ್ಯೆ ಹೀಗೆ ಅಂದೇ ಶಾಸ್ತ್ರೀಯವಾಗಿ ಬೆಳೆಯಿತು. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ನೋಡಿದ ಮಕ್ಕಳು ನಿಜವಾಗಿ ಏನು ಕಲಿತರೆಂಬುದನ್ನು ಹೊರಗಿನ ಸಂಸ್ಥೆಯೊಂದರಿಂದ ಅಳೆಯಿಸಿದರು. ಸರ್ಕಾರದ ಅನುದಾನವೂ ಕಾರ್ನೆಗಿ, ಫೋರ್ಡ್ ಪ್ರತಿಷ್ಠಾನಗಳ ಧನವೂ ಆ ಕೆಲಸಕ್ಕೆ ದೊರೆತಿದ್ದವು. ಹಣ ಕೊಟ್ಟವರು ಕೇಳಿದ್ದು ಕಲಿಕೆಯ ಲೆಕ್ಕವನ್ನು. ಇಂದಿನ ಬಹುಪಾಲು ಉಚಿತ ವಿಡಿಯೋಗಳಿಗೆ ಹಣ ಬರುವುದು ಜಾಹೀರಾತಿನಿಂದ. ಮಗು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಆದಾಯ. ಜಮಾ ಖರ್ಚಿನ ಪುಸ್ತಕ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣನ್ನು ಹಿಡಿಯುವ ವಿದ್ಯೆ ಹಾಗೆಯೇ ಉಳಿದಿದೆ. ಕಲಿತದ್ದೆಷ್ಟು ಎಂದು ಅಳೆಯುವ ಬಾಧ್ಯತೆ ಕಳಚಿಹೋಗಿದೆ. 2019ರಲ್ಲಿ ಯೂಟ್ಯೂಬ್ ಮತ್ತು ಅದರ ಒಡೆಯ ಸಂಸ್ಥೆಯಾದ ಗೂಗಲ್, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿಯನ್ನು ಸಂಗ್ರಹಿಸಿದ ಆರೋಪದ ಇತ್ಯರ್ಥಕ್ಕಾಗಿ ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಬೇಕಾಯಿತು. ಉಚಿತವೆಂದು ಕೊಟ್ಟ ಸರಕಿಗೆ ಬೇರೊಂದು ದಾರಿಯಲ್ಲಿ ಬೆಲೆ ವಸೂಲಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ವೇಗದ ಮಾತನ್ನೂ ಇಲ್ಲಿಯೇ ಹೇಳಬೇಕು. 2011ರಲ್ಲಿ ಏಂಜಲೀನ್ ಲಿಲಾರ್ಡ್ ಮತ್ತು ಜೆನಿಫರ್ ಪೀಟರ್‌ಸನ್ ಎಂಬ ಸಂಶೋಧಕರು ನಾಲ್ಕು ವರ್ಷದ ಅರುವತ್ತು ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಒಂಬತ್ತು ನಿಮಿಷ ಅತಿವೇಗದ ವಿಲಕ್ಷಣ ಕಾರ್ಟೂನನ್ನು ನೋಡಿತು, ಇನ್ನೊಂದು ನಿಧಾನಗತಿಯ ಶೈಕ್ಷಣಿಕ ಚಿತ್ರವನ್ನು ನೋಡಿತು, ಮೂರನೆಯದು ಬಣ್ಣದಲ್ಲಿ ಚಿತ್ರ ಬರೆಯಿತು. ಒಡನೆಯೇ ಕೊಟ್ಟ ಪರೀಕ್ಷೆಗಳಲ್ಲಿ, ಮನಸ್ಸನ್ನು ಒಂದು ಕಡೆ ನಿಲ್ಲಿಸುವ, ಸೂಚನೆಯನ್ನು ನೆನಪಿಡುವ, ಆಸೆಯನ್ನು ತಡೆದು ಕಾಯುವ ಶಕ್ತಿ ಮೊದಲನೆಯ ಗುಂಪಿನಲ್ಲಿ ಕಡಿಮೆಯಾಗಿತ್ತು. ಮಕ್ಕಳು ಚಿಕ್ಕವರು, ಅಳೆದದ್ದು ಆ ಕ್ಷಣದ ಪರಿಣಾಮವನ್ನು. ಇದರಿಂದ ಶಾಶ್ವತ ಹಾನಿಯೆಂದು ತೀರ್ಮಾನಿಸುವುದು ನ್ಯಾಯವಲ್ಲ. ಆದರೂ ಪಾಠದ ಕೋಣೆಗೆ ಕಳುಹಿಸುವ ಮೊದಲು, ಬಸದಿಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳೆಂದು ಹೇಳುವ ಮೊದಲು, ಮಗುವಿಗೆ ಎಂತಹ ಚಿತ್ರವನ್ನು ತೋರಿಸಬಾರದೆಂಬುದು ಇದರಿಂದ ತಿಳಿಯುತ್ತದೆ.

ವೇಗಕ್ಕೆ ವಿರುದ್ಧವಾದ ಮಾದರಿಯೂ ಉಂಟು. 1996ರಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಎಂಬ ಕಾರ್ಯಕ್ರಮದಲ್ಲಿ ನಿರೂಪಕನು ಪ್ರಶ್ನೆ ಕೇಳಿ ಮಕ್ಕಳ ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದನು. ಒಂದೇ ಕಂತನ್ನು ವಾರದಲ್ಲಿ ಐದು ದಿನ ಮತ್ತೆ ಮತ್ತೆ ಪ್ರಸಾರ ಮಾಡುತ್ತಿದ್ದರು. ದೊಡ್ಡವರಿಗೆ ಇದು ಬೇಸರ, ಮಗುವಿಗೆ ಹಾಗಲ್ಲ. ಮೊದಲ ದಿನ ತಿಳಿಯದ ಉತ್ತರವನ್ನು ನಾಲ್ಕನೆಯ ದಿನ ತಾನೇ ಕೂಗಿ ಹೇಳುವ ಸಂತೋಷ ಅದಕ್ಕೆ ದೊರೆಯುತ್ತದೆ. ಮಗ್ಗಿಯನ್ನು ಬಾಯಿಪಾಠ ಮಾಡಿಸಿದ ನಮ್ಮ ಹಳೆಯ ಉಪಾಧ್ಯಾಯರಿಗೆ ಈ ತತ್ತ್ವ ಗೊತ್ತಿತ್ತು. ದಿನಕ್ಕೆ ಹತ್ತು ಹೊಸ ವಿಡಿಯೋಗಳಿಗಿಂತ ವಾರಕ್ಕೆ ಒಂದನ್ನೇ ಐದು ಬಾರಿ ತೋರಿಸುವುದು ಮೇಲು.

ನಮ್ಮಲ್ಲಿಯೂ ಒಳ್ಳೆಯ ಮಾದರಿಗಳಿಗೆ ಕೊರತೆಯಿಲ್ಲ. 1974ರಲ್ಲಿ ಫಿಲ್ಮ್ಸ್ ಡಿವಿಜನ್ ನಿರ್ಮಿಸಿದ, ವಿಜಯಾ ಮುಳೆಯವರ ‘ಏಕ್ ಅನೇಕ್ ಔರ್ ಏಕತಾ’ ಎಂಬ ಹಿಂದಿ ಕಿರುಚಿತ್ರವನ್ನು ದೂರದರ್ಶನದ ಕಾಲದ ಮಕ್ಕಳು ಇಂದು ನಡುವಯಸ್ಸಿನಲ್ಲಿಯೂ ನೆನೆಯುತ್ತಾರೆ. ಅವಧಿ ಕೆಲವೇ ನಿಮಿಷ, ಹೇಳುವ ವಿಚಾರ ಒಂದೇ: ಒಂದೆಂದರೇನು, ಹಲವೆಂದರೇನು, ಹಲವು ಸೇರಿ ಒಂದಾಗುವುದೆಂದರೇನು. ಹೇಳಿ ಮುಗಿದೊಡನೆ ಚಿತ್ರ ನಿಲ್ಲುತ್ತದೆ. ಒಂದು ವಿಚಾರ, ಚಿಕ್ಕ ಅವಧಿ, ಸ್ಪಷ್ಟವಾದ ಕೊನೆ: ಈ ಮೂರಿದ್ದರೆ ಚಿತ್ರ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ.

ಎರಡನೆಯ ಪರೀಕ್ಷೆ: ಸತ್ಯ

ಆರೇಳು ವರ್ಷದ ಮಗು ಕಣ್ಣಾರೆ ಕಂಡದ್ದನ್ನು ನಂಬುತ್ತದೆ. ಚಿತ್ರದಲ್ಲಿ ಕಂಡದ್ದೂ ಅದಕ್ಕೆ ಕಣ್ಣಾರೆ ಕಂಡದ್ದೇ. ಆದುದರಿಂದ ಪಾಠ ಹೇಳುವ ಚಿತ್ರವು ಸುಳ್ಳು ಹೇಳಿದರೆ, ಕಥೆ ಹೇಳುವ ಚಿತ್ರದ ಸುಳ್ಳಿಗಿಂತ ಅದು ದೊಡ್ಡ ದೋಷವಾಗುತ್ತದೆ.

1958ರಲ್ಲಿ ಡಿಸ್ನಿ ಸಂಸ್ಥೆ ‘ವೈಟ್ ವೈಲ್ಡರ್‌ನೆಸ್’ ಎಂಬ ವನ್ಯಜೀವಿ ಚಿತ್ರವನ್ನು ತೆಗೆಯಿತು. ಉತ್ತಮ ಸಾಕ್ಷ್ಯಚಿತ್ರವೆಂದು ಅದಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ಹಿಮಪ್ರದೇಶದಲ್ಲಿ ವಾಸಿಸುವ, ಇಲಿಯ ಜಾತಿಗೆ ಸೇರಿದ ಲೆಮಿಂಗ್ ಎಂಬ ಪುಟ್ಟ ಪ್ರಾಣಿಗಳು ಗುಂಪುಗುಂಪಾಗಿ ಓಡಿಬಂದು ಕಡಿದಾದ ದಡದಿಂದ ಸಮುದ್ರಕ್ಕೆ ಹಾರಿ ಸಾಯುವ ದೃಶ್ಯ ಅದರಲ್ಲಿದೆ. 1982ರಲ್ಲಿ ಕೆನಡಾದ ಸರ್ಕಾರಿ ದೂರದರ್ಶನದ ತನಿಖಾ ಕಾರ್ಯಕ್ರಮವೊಂದು ಇದರ ಹಿಂದಿನ ಸಂಗತಿಯನ್ನು ಬಯಲಿಗೆಳೆಯಿತು. ದೃಶ್ಯವನ್ನು ತೆಗೆದದ್ದು ಸಮುದ್ರವೇ ಇಲ್ಲದ ಆಲ್ಬರ್ಟಾ ಪ್ರಾಂತದಲ್ಲಿ. ಪ್ರಾಣಿಗಳನ್ನು ಬೇರೊಂದು ಪ್ರಾಂತದಿಂದ ಕೊಂಡು ತರಲಾಗಿತ್ತು. ತಿರುಗುವ ತಟ್ಟೆಯ ಮೇಲೆ ಓಡಿಸಿ ಕೆಲವೇ ಪ್ರಾಣಿಗಳು ದೊಡ್ಡ ಹಿಂಡಿನಂತೆ ಕಾಣುವ ಹಾಗೆ ಮಾಡಿದ್ದರು. ಕೊನೆಗೆ ಅವುಗಳನ್ನು ನದಿಗೆ ತಳ್ಳಿದ್ದರು, ನದಿಯೇ ಸಮುದ್ರವೆನಿಸಿತು. ಲೆಮಿಂಗ್‌ಗಳು ಸಂಖ್ಯೆ ಹೆಚ್ಚಿದಾಗ ವಲಸೆ ಹೋಗುವುದುಂಟು, ನೀರು ದಾಟುವಾಗ ಕೆಲವು ಮುಳುಗುವುದೂ ಉಂಟು. ಸಾಮೂಹಿಕವಾಗಿ ಆತ್ಮಹತ್ಯೆ ಮಾಡಿಕೊಳ್ಳುವುದೆಂಬುದು ಸುಳ್ಳು.

ಈ ಒಂದು ನಿದರ್ಶನದಲ್ಲಿ ಎರಡು ವ್ರತಗಳ ಭಂಗವಿದೆಯೆಂಬುದನ್ನು ವಾಚಕರು ಗಮನಿಸಬೇಕು. ಮಗುವಿಗೆ ಪ್ರಕೃತಿಯ ಬಗೆಗೆ ಪ್ರೀತಿ ಹುಟ್ಟಿಸುವ ಹೆಸರಿನಲ್ಲಿ ಪ್ರಾಣಿಗಳನ್ನು ಕೊಂದರು. ಕೊಂದದ್ದನ್ನು ಅವುಗಳ ಸ್ವಭಾವವೆಂದು ಸಾರಿದರು. ಆ ನಂಬಿಕೆ ಇಂದಿಗೂ ಅನೇಕ ದೇಶಗಳಲ್ಲಿ ಜನರ ಬಾಯಲ್ಲಿ ಉಳಿದಿದೆ. ಸುಂದರವಾದ ವನ್ಯಜೀವಿ ಚಿತ್ರವನ್ನು ಕಂಡಾಗ ಅಹಿಂಸೆಗೆ ಇದು ಅನುಕೂಲವೆಂದು ನಾವು ತಟ್ಟನೆ ಒಪ್ಪುತ್ತೇವೆ. ಈ ಪ್ರಾಣಿ ಇಲ್ಲಿಗೆ ಹೇಗೆ ಬಂದಿತು, ಇದನ್ನು ಯಾರು ಓಡಿಸುತ್ತಿದ್ದಾರೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಸಾಕುಪ್ರಾಣಿಗಳನ್ನು ಹೆದರಿಸಿ ನಗೆ ಬರಿಸುವ ಇಂದಿನ ಸಣ್ಣ ವಿಡಿಯೋಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಕಲ್ಪನೆಯೇ ಬೇಡವೆಂದು ಇದರ ಅರ್ಥವಲ್ಲ. 1994ರಿಂದ 1997ರವರೆಗೆ ಪ್ರಸಾರವಾದ ‘ದಿ ಮ್ಯಾಜಿಕ್ ಸ್ಕೂಲ್ ಬಸ್’ ಎಂಬ ಕಾರ್ಟೂನ್ ಮಾಲಿಕೆ ನಮ್ಮ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಹೊಂದುವಂತಹದು. ಅದರಲ್ಲಿ ಉಪಾಧ್ಯಾಯಿನಿಯೊಬ್ಬರು ತರಗತಿಯನ್ನೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡು ಮನುಷ್ಯನ ದೇಹದೊಳಕ್ಕೆ, ಗ್ರಹಗಳ ನಡುವಿಗೆ ಕರೆದೊಯ್ಯುತ್ತಾರೆ. ಇದೆಲ್ಲ ಅಸಾಧ್ಯವೆಂಬುದು ಸರಿ. ಆದರೆ ಕಂತಿನ ಕೊನೆಗೆ ಒಂದು ಸಣ್ಣ ಭಾಗವಿರುತ್ತದೆ. ಯಾರೋ ದೂರವಾಣಿ ಮಾಡಿ, ನೀವು ತೋರಿಸಿದ್ದರಲ್ಲಿ ಇಂತಿಂಥದು ನಿಜವಲ್ಲವಲ್ಲ ಎಂದು ತಕರಾರು ತೆಗೆಯುತ್ತಾರೆ. ಕಾರ್ಯಕ್ರಮದವರು, ಹೌದು, ಕಥೆಗಾಗಿ ಹಾಗೆ ಮಾಡಿದೆವು, ವಾಸ್ತವ ಹೀಗಿದೆ ಎಂದು ವಿವರಿಸುತ್ತಾರೆ.

ನನ್ನ ದೃಷ್ಟಿಯಲ್ಲಿ ಇಡೀ ಮಾಲಿಕೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದು. ತೂಕದಲ್ಲಿ ಎಷ್ಟು ಹೆಚ್ಚು ಕಡಿಮೆಯಾಗಿದೆಯೆಂದು ಅಂಗಡಿಯವನೇ ಗಿರಾಕಿಗೆ ತಿಳಿಸಿದಂತೆ. ಇದರಿಂದ ಮಗು ವಿಜ್ಞಾನದ ಒಂದು ಸಂಗತಿಯ ಜೊತೆಗೆ ಇನ್ನೊಂದನ್ನೂ ಕಲಿಯುತ್ತದೆ: ಪರದೆಯನ್ನು ಪ್ರಶ್ನಿಸಬಹುದು. ಆಸ್ಕರ್ ಪಡೆದ ಚಿತ್ರ ನೈಜವೆಂದು ಹೇಳಿಕೊಂಡು ಸುಳ್ಳಾಡಿತು. ಕಾರ್ಟೂನು ಕಲ್ಪನೆಯೆಂದು ಒಪ್ಪಿಕೊಂಡು ಸತ್ಯವನ್ನು ಉಳಿಸಿತು. ನಮ್ಮ ಆಯ್ಕೆಯಲ್ಲಿ ಈ ವಿವೇಕ ಬೇಕು.

ಮೂರನೆಯ ಪರೀಕ್ಷೆ: ಕೈಗೆ ಕೆಲಸ

ಚಿತ್ರದಿಂದ ಮಾತ್ರ ಸಾಧ್ಯವಾಗುವ ಕೆಲಸಗಳಿವೆ. ಬೀಜ ಮೊಳೆತು ಎಲೆ ಬಿಡುವ ಎಂಟು ದಿನಗಳ ವ್ಯಾಪಾರವನ್ನು ಒಂದು ನಿಮಿಷದಲ್ಲಿ ತೋರಿಸಬಹುದು. ಹಕ್ಕಿಯ ರೆಕ್ಕೆಯ ಬಡಿತವನ್ನು ನಿಧಾನಗೊಳಿಸಬಹುದು. ಮಗು ತಾನಾಗಿ ಕಾಣಲಾರದ್ದನ್ನು ಕಾಣಿಸಿದಾಗ ಚಿತ್ರ ಸಾರ್ಥಕ. ಮಗು ತಾನೇ ಮಾಡಬಹುದಾದ್ದನ್ನು ಮಾಡಿ ತೋರಿಸಿ, ಮಗುವನ್ನು ಬರಿಯ ಪ್ರೇಕ್ಷಕನನ್ನಾಗಿ ಕೂರಿಸಿದಾಗ ಅದು ಅನರ್ಥ.

ಪುಣೆಯ ಅಂತರ್‌ವಿಶ್ವವಿದ್ಯಾಲಯ ಖಗೋಳವಿಜ್ಞಾನ ಕೇಂದ್ರದಲ್ಲಿ ಬಹುಕಾಲ ಕೆಲಸ ಮಾಡಿದ ಅರವಿಂದ ಗುಪ್ತ ಅವರ ಕಿರುಚಿತ್ರಗಳನ್ನು ಈ ದೃಷ್ಟಿಯಿಂದ ನೋಡಬೇಕು. ಬೆಂಕಿಕಡ್ಡಿ, ಸೈಕಲ್ ಟ್ಯೂಬಿನ ಚೂರು, ಹಳೆಯ ವೃತ್ತಪತ್ರಿಕೆ, ಖಾಲಿ ಬಾಟಲಿ ಮುಂತಾದ ಕಸದಿಂದ ಆಟಿಕೆ ಮಾಡುವುದನ್ನು ಅವು ತೋರಿಸುತ್ತವೆ. ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈ ಚಿತ್ರಗಳಲ್ಲಿ ಹಾಡಿಲ್ಲ, ಬಣ್ಣದ ಅಬ್ಬರವಿಲ್ಲ. ಎರಡು ಕೈಗಳು ಕೆಲಸ ಮಾಡುವುದಷ್ಟೇ ಕಾಣುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ನೋಡಿದ ಮಗು ಇನ್ನೊಂದು ಚಿತ್ರ ಬೇಕೆನ್ನುವ ಮೊದಲು ಒಂದು ಸ್ಟ್ರಾ, ಒಂದು ಕತ್ತರಿ ಬೇಕೆನ್ನುತ್ತದೆ. ಬಳಸಿ ಎಸೆಯುವ ವಸ್ತುವಿಗೆ ಮರುಬೆಲೆ ಕೊಡುವ ಈ ಕ್ರಮದಲ್ಲಿ ಅಪರಿಗ್ರಹದ ಪಾಠ, ಆ ಶಬ್ದವನ್ನು ಉಚ್ಚರಿಸದೆಯೇ, ಅಡಗಿದೆ.

ಗಣಿತಕ್ಕೆ ಬಂದರೆ, 2017ರಲ್ಲಿ ಬಿ.ಬಿ.ಸಿ. ಆರಂಭಿಸಿದ ‘ನಂಬರ್‌ಬ್ಲಾಕ್ಸ್’ ಮೆಚ್ಚಬೇಕಾದ ಮಾಲಿಕೆ. ಒಂದು ಎಂಬ ಪಾತ್ರಕ್ಕೆ ಒಂದೇ ಘನ, ಎರಡಕ್ಕೆ ಎರಡು. ಒಂದೂ ಎರಡೂ ಒಂದರ ಮೇಲೊಂದು ನಿಂತರೆ ಮೂರು ಹುಟ್ಟುತ್ತದೆ. ಸಂಖ್ಯೆಯ ಹೆಸರು ಮತ್ತು ಸಂಖ್ಯೆಯ ಪ್ರಮಾಣ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಬಣ್ಣದ ಅಂಕೆಗಳು ಸಂಗೀತಕ್ಕೆ ಕುಣಿಯುವ ಸಾಮಾನ್ಯ ವಿಡಿಯೋಗಳಲ್ಲಿ ಐದು ಎಂಬುದು ಒಂದು ಆಕೃತಿ ಮಾತ್ರ. ಅದು ನಾಲ್ಕಕ್ಕಿಂತ ಹೇಗೆ ದೊಡ್ಡದೆಂಬುದು ಎಲ್ಲಿಯೂ ಕಾಣದು. ಮಾತು ಇಂಗ್ಲಿಷಿನಲ್ಲಿದ್ದರೂ, ಹುಣಸೆ ಬೀಜಗಳನ್ನು ಮುಂದಿಟ್ಟುಕೊಂಡು ತಾಯಿಯೋ ಅಜ್ಜಿಯೋ ಕನ್ನಡದಲ್ಲಿ ಜೊತೆಗೂಡಿದರೆ ಭಾಷೆ ತೊಡಕಾಗದು.

ಕನ್ನಡ ಅಕ್ಷರಾಭ್ಯಾಸದ ವಿಡಿಯೋಗಳ ಬಗೆಗೆ ಎರಡು ಮಾತು. ಅವುಗಳಲ್ಲಿ ಹೆಚ್ಚಿನವು ಅ ಎಂಬ ಅಕ್ಷರವನ್ನು ತೋರಿಸಿ, ಒಂದು ಚಿತ್ರ ತೋರಿಸಿ, ಹಾಡಿನೊಡನೆ ಮುಂದೆ ಸಾಗುತ್ತವೆ. ಐವತ್ತು ಅಕ್ಷರಗಳ ಗುರುತು ಹತ್ತುವುದು ಕಷ್ಟವಲ್ಲ. ಒಂದು ಎರಡನೆಯ ತರಗತಿಯ ಮಕ್ಕಳು ತೊಡಕುವುದು ಕಾಗುಣಿತದಲ್ಲಿ ಮತ್ತು ಒತ್ತಕ್ಷರದಲ್ಲಿ. ತಲಕಟ್ಟು ಹೋಗಿ ಗುಡಿಸು ಬಂದಾಗ ಅಕ್ಷರದ ರೂಪ ಹೇಗೆ ಬದಲಾಗುತ್ತದೆ, ಕೊಂಬು ಎಲ್ಲಿ ಸೇರುತ್ತದೆ, ವಟ್ರಸುಳಿ ಎಲ್ಲಿ ಕುಳಿತುಕೊಳ್ಳುತ್ತದೆ, ಲೇಖನಿ ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕು ಎಂಬುದನ್ನು ಚಲಿಸುವ ಚಿತ್ರವು ಅಚ್ಚಾದ ಪುಸ್ತಕಕ್ಕಿಂತ ಚೆನ್ನಾಗಿ ತೋರಿಸಬಲ್ಲದು. ಅದನ್ನು ಮಾಡುವ ವಿಡಿಯೋವನ್ನು ಹುಡುಕಿ ಆರಿಸಬೇಕು. ಸಿದ್ಧ ಅಕ್ಷರವೊಂದು ಹಾರಿಬಂದು ಕುಳಿತುಕೊಳ್ಳುವ ಚಿತ್ರದಿಂದ ಮಗುವಿನ ಕೈಗೆ ಏನೂ ಬರುವುದಿಲ್ಲ. ಅಮೆರಿಕ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಮಕ್ಕಳಿಗೆ ತಂದೆತಾಯಿಗಳ ಮಾತನ್ನು ಬಿಟ್ಟರೆ ಕನ್ನಡ ಕೇಳಿಸುವುದು ಅನೇಕ ವೇಳೆ ಇಂತಹ ವಿಡಿಯೋಗಳಿಂದ ಮಾತ್ರ. ಆದ್ದರಿಂದ ಉಚ್ಚಾರಣೆ ಶುದ್ಧವಾಗಿರುವುದೂ, ಅಕಾರ ಹಕಾರಗಳು ಅದಲು ಬದಲಾಗದಿರುವುದೂ ಮುಖ್ಯ.

ನಮ್ಮ ಪುರಾಣಕಥೆಗಳ ಚಿತ್ರಗಳು

ಧಾರ್ಮಿಕ ಕಥೆಯಾದರೆ ಪರೀಕ್ಷೆ ಬೇಡವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ಸರಿಯಲ್ಲ. ಭರತ ಬಾಹುಬಲಿಗಳ ಕಥೆಯನ್ನೇ ನೋಡೋಣ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಕನ್ನಡಿಸಿದ ಈ ಕಥೆಯಲ್ಲಿ, ಎರಡು ಸೇನೆಗಳು ಎದುರುಬದುರು ನಿಂತಾಗ ಅಮಾಯಕರ ರಕ್ತ ಹರಿಯಬಾರದೆಂದು ಮಂತ್ರಿಗಳು ಬೇಡುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಅಣ್ಣತಮ್ಮಂದಿರ ನಡುವೆ ಮಾತ್ರ ನಡೆಯುತ್ತವೆ. ಗೆದ್ದ ಬಾಹುಬಲಿ ಗೆಲುವನ್ನೇ ತೊರೆದು ತಪಸ್ಸಿಗೆ ನಡೆಯುತ್ತಾನೆ.

ಕಾರ್ಟೂನಿಗೆ ಸಹಜವಾಗಿ ಪ್ರಿಯವಾಗುವುದು ಮಲ್ಲಯುದ್ಧ. ಹತ್ತು ನಿಮಿಷದಲ್ಲಿ ಎಂಟು ನಿಮಿಷ ಕುಸ್ತಿಯನ್ನೂ ಒಂದು ನಿಮಿಷ ತ್ಯಾಗವನ್ನೂ ತೋರಿಸಿದರೆ ಮಗು ಕಲಿಯುವುದು ಕುಸ್ತಿಯನ್ನು. ಆನೆ ಕುದುರೆಗಳ ಕದನವನ್ನೇ ಸೇರಿಸಿಬಿಟ್ಟರೆ ಕಥೆಯ ತಿರುಳೇ ಹೋಯಿತು. ಸೇನೆಗಳು ಏಕೆ ಹೊಡೆದಾಡಲಿಲ್ಲ ಎಂದು ಕೇಳಿದಾಗ ಉತ್ತರಿಸಬಲ್ಲ ಮಗು ಕಥೆಯನ್ನು ಅರಿತಿದೆ. ಯಾರು ಗೆದ್ದರೆಂದು ಮಾತ್ರ ಬಲ್ಲ ಮಗು ಆಟವನ್ನು ನೋಡಿದೆ. ಚಿತ್ರ ನಮ್ಮದೆಂಬ ಅಭಿಮಾನ ಪರೀಕ್ಷೆಗೆ ಬದಲಾಗಲಾರದು.

ಆಡಳಿತ ಮಂಡಳಿಗಳಿಗೆ, ತಂದೆತಾಯಿಗಳಿಗೆ

ಪರದೆಯೇ ಬೇಡವೆನ್ನುವ ಹಿರಿಯರಿದ್ದಾರೆ. ಅವರ ಆತಂಕ ನಿಜವಾದುದು. ಆದರೆ ಮನೆಯಲ್ಲಿರುವುದನ್ನು ಬಸದಿಯಲ್ಲಿ ನಿಷೇಧಿಸಿದರೆ ಮಗು ಮನೆಗೆ ಹೋಗಿ ನೋಡುತ್ತದೆ. ಹೇಗೆ ನೋಡಬೇಕೆಂಬುದನ್ನು ಮಾತ್ರ ಯಾರೂ ಕಲಿಸಿದಂತಾಗುವುದಿಲ್ಲ. ಮಿತಿಯೊಡನೆ ಬಳಸುವುದನ್ನು ತೋರಿಸಿಕೊಡುವುದು ಪಾಠಶಾಲೆಯ ಕೆಲಸ. ಭೋಗೋಪಭೋಗ ಪರಿಮಾಣವೆಂಬ ವ್ರತ ಹೇಳುವುದೂ ಪರಿಮಾಣವನ್ನೇ. ಭಾರತೀಯ ಶಿಶುವೈದ್ಯರ ಅಕಾಡೆಮಿ 2022ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ ಐದರಿಂದ ಹತ್ತು ವರ್ಷದ ಮಕ್ಕಳು ಎಲ್ಲ ಬಗೆಯ ಪರದೆಗಳನ್ನು ಸೇರಿಸಿ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ನೋಡಬೇಕು. ಎರಡರಿಂದ ಐದು ವರ್ಷದವರಿಗೆ ಹಿರಿಯರ ಸಮ್ಮುಖದಲ್ಲಿ ಒಂದು ಗಂಟೆ; ಎರಡು ವರ್ಷದೊಳಗಿನವರಿಗೆ ಏನೂ ಕೂಡದು. ಇದು ಮೇಲ್ಮಿತಿಯೆಂಬುದನ್ನು ಮರೆಯಬಾರದು. ಪ್ರತಿದಿನ ತುಂಬಿಸಲೇಬೇಕಾದ ಕೊಳಗವಲ್ಲ.

ಪಾಠಶಾಲೆಗಳಲ್ಲಿ ಆಚರಣೆಗೆ ತರಬಹುದಾದ ಕ್ರಮವನ್ನು ಇಲ್ಲಿ ಸೂಚಿಸುತ್ತೇನೆ. ತೋರಿಸುವ ಪ್ರತಿಯೊಂದು ಚಿತ್ರವನ್ನೂ ಇಬ್ಬರು ಹಿರಿಯರು ಮೊದಲಿನಿಂದ ಕೊನೆಯವರೆಗೆ 미ರದೆ ನೋಡಿರಬೇಕು. ಅವರಲ್ಲಿ ಒಬ್ಬರಾದರೂ ಮಕ್ಕಳಿಗೆ ಪಾಠ ಹೇಳಿದ ಅನುಭವವುಳ್ಳ ತಾಯಂದಿರಾಗಿರಲಿ. ಚಿತ್ರವನ್ನು ಮುಂಚಿತವಾಗಿ ಇಳಿಸಿಟ್ಟುಕೊಂಡು ತೋರಿಸಿದರೆ ನಡುವೆ ಜಾಹೀರಾತು ನುಸುಳದು, ಮುಗಿದೊಡನೆ ಇನ್ನೊಂದು ತಾನಾಗಿ ಆರಂಭವಾಗದು. ಹತ್ತು ನಿಮಿಷದ ಚಿತ್ರಕ್ಕೆ ಇಪ್ಪತ್ತು ನಿಮಿಷದ ಮಾತು ಅಥವಾ ಕೆಲಸ ಇರಲಿ; ಬೀಜದ ಚಿತ್ರ ತೋರಿಸಿದ ದಿನ ಪ್ರತಿ ಮಗುವಿನ ಕೈಗೂ ನಾಲ್ಕು ಹೆಸರುಕಾಳು ಕೊಟ್ಟು ಕಳುಹಿಸಬಹುದು. ಮುಂದಿನ ಭಾನುವಾರ ಏನು ನೆನಪಿದೆಯೆಂದು ಕೇಳಿ, ತೋರಿಸಿದ ಚಿತ್ರದ ಹೆಸರಿನ ಎದುರು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಸದಿಯ ಎಣ್ಣೆ ಅಕ್ಕಿಗಳಿಗೆ ದಾಸ್ತಾನು ಪುಸ್ತಕವಿರುವಾಗ ಮಕ್ಕಳ ಮನಸ್ಸಿಗೆ ಇಳಿಸಿದ ಸರಕಿಗೂ ಒಂದು ಪುಸ್ತಕವಿರುವುದು ಯುಕ್ತ. ಒಂದು ವರ್ಷ ಕಳೆದರೆ ಯಾವ ಚಿತ್ರ ಉಳಿಯಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ. ಇಂತಹ ಪಟ್ಟಿಗಳನ್ನು ಒಂದು ಊರಿನವರು ಇನ್ನೊಂದು ಊರಿನವರಿಗೆ ಕೊಟ್ಟುಕೊಂಡರೆ ಎಲ್ಲರ ಶ್ರಮವೂ ಉಳಿಯುತ್ತದೆ.

ಮನೆಯಲ್ಲಿ ಇಷ್ಟು ವ್ಯವಸ್ಥೆ ಸಾಧ್ಯವಾಗದಿರಬಹುದು. ಒಂದು ನಿಯಮ ಸಾಧ್ಯ: ದೊಡ್ಡವರು ನೋಡದ ಚಿತ್ರವನ್ನು ಮಗು ಒಂಟಿಯಾಗಿ ನೋಡಬಾರದು. ಸಮಂತಭದ್ರಾಚಾರ್ಯರ ರತ್ನಕರಂಡಕವು ಅನರ್ಥದಂಡಗಳಲ್ಲಿ ದುಃಶ್ರುತಿಯನ್ನೂ ಪ್ರಮಾದಚರ್ಯೆಯನ್ನೂ ಎಣಿಸಿದೆ. ಮನಸ್ಸನ್ನು ಕದಡುವುದನ್ನು ಕೇಳುವುದು ಒಂದು, ಪ್ರಯೋಜನವಿಲ್ಲದೆ ಅಜಾಗರೂಕತೆಯಿಂದ ನಡೆದುಕೊಳ್ಳುವುದು ಇನ್ನೊಂದು. ಆರು ವರ್ಷದ ಮಗುವಿಗೆ ಆ ದೋಷಗಳನ್ನು ಹೊರಿಸಲಾಗದು. ಅದು ಕೈಗೆ ಕೊಟ್ಟದ್ದನ್ನು ನೋಡುತ್ತದೆ. ನೋಡದೆ ಕೊಟ್ಟ ಕೈ ನಮ್ಮದು. ನೀರನ್ನು ಸೋಸುವ ಬಟ್ಟೆಯನ್ನು ಮಗುವಿನ ಕೈಗೆ ಕೊಟ್ಟು ನೀನೇ ಸೋಸಿಕೊಳ್ಳೆಂದು ಯಾವ ತಾಯಿಯೂ ಹೇಳುವುದಿಲ್ಲ. ಚಿತ್ರಗಳ ವಿಷಯದಲ್ಲಿಯೂ ಆ ಕೆಲಸ ದೊಡ್ಡವರದೇ. ಮುಂಬರುವ ಪಾಠಶಾಲೆಯ ವರ್ಷಕ್ಕೆ ಮೊದಲು ಪ್ರತಿಯೊಂದು ಆಡಳಿತ ಮಂಡಳಿಯೂ ಒಂದು ಸಂಜೆ ಸಭೆ ಸೇರಿ, ತಾನು ತೋರಿಸುತ್ತಿರುವ ಚಿತ್ರಗಳನ್ನು ತಾನೇ ಕುಳಿತು ನೋಡಲಿ ಎಂದು ವಿನಂತಿಸುತ್ತೇನೆ.